ಚೌಕ, ವೃತ್ತ, ತ್ರಿಕೋನ: ಚಿಹ್ನೆಯೂ ಒಂದು ಮಾತು



ಈ ಬಾರಿಯ ಲೇಖನವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತೇನೆ. ತಪ್ಪು ಮಾಡಿದವನು ನಾನು. ಅದರ ಫಲ ಉಂಡವಳು ಮಾತ್ರ ಆರನೇ ತರಗತಿಯ ಒಬ್ಬ ಹುಡುಗಿ.

ಕೆಲವು ವರ್ಷಗಳ ಹಿಂದಿನ ಮಾತು. ಸೊರಬ ತಾಲ್ಲೂಕಿನ ಜಡೆ ಸುತ್ತಮುತ್ತಲ ಶಾಲೆಗಳ ಮಕ್ಕಳಿಗಾಗಿ ಒಂದು ಪ್ರಶ್ನೆಪತ್ರಿಕೆ ತಯಾರಿಸಬೇಕಿತ್ತು. ರಾತ್ರಿ ಮನೆಯ ಗಣಕಯಂತ್ರದ ಮುಂದೆ ಕುಳಿತು ನಾನೇ ಬೆರಳಚ್ಚು ಮಾಡಿದೆ. ಅದರಲ್ಲಿ ಮೂರನೆಯ ಪ್ರಶ್ನೆ ಹೀಗಿತ್ತು: ‘ಈ ಸರಣಿಯಲ್ಲಿ ಮುಂದೆ ಬರುವ ಆಕೃತಿಯನ್ನು ಬರೆಯಿರಿ.’

● ◆ ■ ● ◆ ____

ಉತ್ತರ ನಿಮಗೆ ಆಗಲೇ ಹೊಳೆದಿರುತ್ತದೆ. ವೃತ್ತ, ವಜ್ರಾಕೃತಿ, ಚೌಕ, ಮತ್ತೆ ವೃತ್ತ, ವಜ್ರಾಕೃತಿ. ಆದ್ದರಿಂದ ಮುಂದಿನದು ತುಂಬಿದ ಚೌಕ. ನಾಲ್ಕನೆಯ ಪ್ರಶ್ನೆ ಇನ್ನೂ ಸುಲಭ: 7 + □ = 15.

ಮನೆಯ ಪ್ರಿಂಟರಿನಲ್ಲಿ ಅರ್ಧದಷ್ಟು ಪ್ರತಿ ತೆಗೆಯುವಷ್ಟರಲ್ಲಿ ಶಾಯಿ ಮುಗಿಯಿತು. ಉಳಿದದ್ದನ್ನು ಮರುದಿನ ಬೆಳಿಗ್ಗೆ ದಾರಿಯಲ್ಲಿ ಸಿಕ್ಕ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಟ್ಟು ಮುದ್ರಿಸಿಕೊಂಡೆ. ಬಸ್ಸಿಗೆ ಹೊತ್ತಾಗಿತ್ತು. ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಓಡಿದೆ. ಒಂದು ಹಾಳೆಯನ್ನಾದರೂ ಬಿಚ್ಚಿ ನೋಡಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಉತ್ತರಗಳನ್ನು ತಿದ್ದಿದೆ. ಒಬ್ಬಳು ಮೂರನೆಯ ಪ್ರಶ್ನೆಗೆ ಖಾಲಿ ಚೌಕ □ ಬರೆದಿದ್ದಳು. ನನ್ನ ಕೈಯಲ್ಲಿದ್ದ ಉತ್ತರ ಪಟ್ಟಿಯಲ್ಲಿ ತುಂಬಿದ ಚೌಕ ■ ಇತ್ತು. ತಪ್ಪು ಎಂದು ಕೆಂಪು ಶಾಯಿಯಲ್ಲಿ ಗೀಚಿದೆ. ಇನ್ನೊಬ್ಬ ಹುಡುಗ ಅದೇ ಪ್ರಶ್ನೆಗೆ 1, 2, 3, 4, 5, 6 ಎಂದು ಬರೆದಿದ್ದ. ‘ಪ್ರಶ್ನೆಯನ್ನೇ ಓದಿಲ್ಲ’ ಎಂದುಕೊಂಡು ಅದನ್ನೂ ಹೊಡೆದು ಹಾಕಿದೆ.

ಎರಡು ವಾರದ ನಂತರ ಆ ಶಾಲೆಗೆ ಹೋದಾಗ ಆ ಹುಡುಗಿ ಜೋಪಾನವಾಗಿ ಮಡಿಸಿಟ್ಟಿದ್ದ ಪ್ರಶ್ನೆಪತ್ರಿಕೆಯನ್ನು ನನ್ನ ಮುಂದೆ ಹಿಡಿದಳು. “ಸಾರ್, ಪ್ರಶ್ನೇಲಿ ಇದ್ದಿದ್ದೆಲ್ಲ ಖಾಲಿ ಡಬ್ಬೀನೇ ಅಲ್ವಾ? ಅದಕ್ಕೇ ನಾನೂ ಡಬ್ಬಿ ಬರ್ದೆ. ಹೆಂಗ್ ತಪ್ಪಾತು?”

ಹಾಳೆಯಲ್ಲಿ ಅಚ್ಚಾಗಿದ್ದುದು ಇದು:

□ □ □ □ □ ____

ನನ್ನ ಮುಖ ಸಣ್ಣದಾಯಿತು. ಅವಳ ಉತ್ತರ ನೂರಕ್ಕೆ ನೂರು ಸರಿ. ಐದು ಖಾಲಿ ಚೌಕಗಳ ನಂತರ ಆರನೆಯದೂ ಖಾಲಿ ಚೌಕವೇ ಆಗಬೇಕು. ಅಂಕೆ ಬರೆದ ಹುಡುಗನದ್ದೂ ತಪ್ಪಲ್ಲ. ಕೆಳಗಿನ ಪ್ರಶ್ನೆಯಲ್ಲಿ ಚೌಕ ಎಂದರೆ ‘ಇಲ್ಲಿ ಸಂಖ್ಯೆ ತುಂಬು’ ಎಂದರ್ಥ. ಮೇಲಿನದ್ದಕ್ಕೂ ಅವನು ಅದೇ ಅರ್ಥ ಮಾಡಿಕೊಂಡಿದ್ದ. ಮನೆಯಲ್ಲಿ ಅಚ್ಚಾದ ಹಾಳೆ ಸಿಕ್ಕ ಮಕ್ಕಳಿಗೆ ಪ್ರಶ್ನೆ ಸರಿಯಾಗಿತ್ತು, ಅಂಗಡಿಯಲ್ಲಿ ಅಚ್ಚಾದ ಹಾಳೆ ಸಿಕ್ಕವರಿಗೆ ಕೆಟ್ಟಿತ್ತು. ಒಂದೇ ಪರೀಕ್ಷೆ, ಎರಡು ಪ್ರಶ್ನೆಪತ್ರಿಕೆ! ಆ ಹುಡುಗಿ ಒಂದೇ ಒಂದು ಅಂಕದಿಂದ ಮುಂದಿನ ಸುತ್ತಿಗೆ ಆಯ್ಕೆಯಾಗಿರಲಿಲ್ಲ. ಆ ಸುತ್ತು ಹಿಂದಿನ ವಾರವೇ ಮುಗಿದುಹೋಗಿತ್ತು.

ಅಂದಿನಿಂದ ಚೌಕ, ವೃತ್ತ, ತ್ರಿಕೋನಗಳಂಥ ಸಣ್ಣ ಚಿಹ್ನೆಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ಅವುಗಳನ್ನು ಬಳಸುವವರು ಅಕ್ಷರ ಬಳಸುವಷ್ಟೇ ಜವಾಬ್ದಾರಿಯಿಂದ ಬಳಸಬೇಕು ಎಂಬುದು ನನ್ನ ಅಭಿಪ್ರಾಯ. ಏಕೆ ಎಂದು ಹೇಳುತ್ತೇನೆ. ಒಪ್ಪುವುದು, ಬಿಡುವುದು ನಿಮಗೆ ಸೇರಿದ್ದು.

ಗಣಕಯಂತ್ರಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ

ನೀವು ಕೀಲಿಮಣೆಯಲ್ಲಿ ‘ಕ’ ಒತ್ತಿದಾಗ ಗಣಕಯಂತ್ರ ತನ್ನ ನೆನಪಿನಲ್ಲಿ ‘ಕ’ದ ಚಿತ್ರವನ್ನು ಇಟ್ಟುಕೊಳ್ಳುವುದಿಲ್ಲ. ಅದು ಒಂದು ಸಂಖ್ಯೆಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಪ್ರಪಂಚದ ಭಾಷೆಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಪಟ್ಟಿಯ ಹೆಸರು ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ನಮ್ಮ ಕನ್ನಡಕ್ಕೆ ಜಾಗವಿತ್ತು. ಇಂದು ಆ ಪಟ್ಟಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಕ್ಷರ ಮತ್ತು ಚಿಹ್ನೆಗಳಿವೆ.

ಕನ್ನಡಕ್ಕೆ ಮೀಸಲಾದ ಜಾಗ 3200ರಿಂದ 3327ರವರೆಗೆ. ‘ಅ’ದ ಸಂಖ್ಯೆ 3205. ‘ಕ’ದ ಸಂಖ್ಯೆ 3221. ‘ಜಡೆ’ ಎಂದು ಬರೆದರೆ ಗಣಕಯಂತ್ರಕ್ಕೆ ಅದು 3228, 3233, 3270. ಎರಡು ಅಕ್ಷರಕ್ಕೆ ಮೂರು ಸಂಖ್ಯೆ ಏಕೆ ಎಂದು ಕೇಳುತ್ತೀರಾ? ಜ, ಡ ಮತ್ತು ಎತ್ವದ ಗುರುತು, ಹೀಗೆ ಮೂರು.

ಇದೇ ಪಟ್ಟಿಯಲ್ಲಿ 9632ರಿಂದ 9727ರವರೆಗೆ 96 ಮನೆಗಳ ಒಂದು ಓಣಿ ಇದೆ. ಅಲ್ಲಿ ವಾಸಿಸುವವರು ಜ್ಯಾಮಿತಿಯ ಆಕೃತಿಗಳು. ತುಂಬಿದ ಚೌಕ ■ 9632ನೇ ಮನೆ. ಪಕ್ಕದ 9633ರಲ್ಲಿ ಖಾಲಿ ಚೌಕ □. ತ್ರಿಕೋನ ▲ 9650, ವಜ್ರಾಕೃತಿ ◆ 9670, ಖಾಲಿ ವೃತ್ತ ○ 9675, ತುಂಬಿದ ವೃತ್ತ ● 9679. ಅಂದರೆ ಇವು ಚಿತ್ರಗಳಲ್ಲ, ಅಕ್ಷರಗಳ ಹಾಗೆಯೇ ಬರಹದ ಭಾಗ.

ಇದರಿಂದ ಲಾಭ ಬಹಳ. ಜಾಲತಾಣವೊಂದರಲ್ಲಿ ಚೌಕವನ್ನು ಚಿತ್ರವಾಗಿ ಹಾಕಿದರೆ ಅದಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಬೈಟ್ ಜಾಗ ಬೇಕು. ಚಿಹ್ನೆಯಾಗಿ ಬರೆದರೆ, ಈಗ ಜಾಲತಾಣಗಳಲ್ಲಿ ಸಾಮಾನ್ಯವಾಗಿ ಬಳಸುವ ಕ್ರಮದಲ್ಲಿ, 3 ಬೈಟ್ ಸಾಕು. ನಮ್ಮ ‘ಕ’ಕ್ಕೂ ಅಷ್ಟೇ ಜಾಗ ಬೇಕು. ಗುಡ್ಡದ ಮರೆಯ ಊರಿನಲ್ಲಿ ಸಿಗ್ನಲ್ ಸಿಗದೆ ಪರದಾಡುವವರಿಗೆ ಇದರ ಬೆಲೆ ಗೊತ್ತು. ಚಿತ್ರವನ್ನು ಹಿಗ್ಗಿಸಿದರೆ ಅಂಚು ಮಸುಕಾಗಬಹುದು. ಚಿಹ್ನೆಯನ್ನು ಎಷ್ಟು ದೊಡ್ಡದು ಮಾಡಿದರೂ ಅಂಚು ಚೂಪಾಗಿಯೇ ಇರುತ್ತದೆ.

ಎರಡು ಬಗೆಯ ಖಾಲಿ ಚೌಕ

ಹಾಗಿದ್ದರೆ ನನ್ನ ಪ್ರಶ್ನೆಪತ್ರಿಕೆ ಕೆಟ್ಟಿದ್ದು ಹೇಗೆ?

ಗಣಕಯಂತ್ರ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ ಎಂದೆ. ಆ ಸಂಖ್ಯೆಗೆ ತಕ್ಕ ಆಕಾರವನ್ನು ತೆರೆಯ ಮೇಲೆ ಬರೆದು ತೋರಿಸುವುದು ಫಾಂಟ್, ಅಂದರೆ ಅಕ್ಷರಶೈಲಿಯ ಕಡತ. ನಾನು ಆ ರಾತ್ರಿ ಆಕೃತಿಗಳನ್ನು ‘ವಿಂಗ್‌ಡಿಂಗ್ಸ್’ ಎಂಬ ಅಲಂಕಾರದ ಫಾಂಟಿನಿಂದ ಆಯ್ದುಕೊಂಡಿದ್ದೆ. ಈ ಫಾಂಟ್ ಬಳಸಿದಾಗ ಬರಹದ ತಂತ್ರಾಂಶವು ಚೌಕಕ್ಕೆ 9632 ಎಂಬ ಎಲ್ಲರಿಗೂ ಗೊತ್ತಿರುವ ಸಂಖ್ಯೆಯ ಬದಲು 61550 ಎಂಬ ಸಂಖ್ಯೆಯನ್ನು ಬರೆದಿಡುತ್ತದೆ. ಯೂನಿಕೋಡ್‌ನಲ್ಲಿ 57344ರಿಂದ 63743ರವರೆಗಿನ ಜಾಗ ‘ಖಾಸಗಿ ಬಳಕೆ’ಯದು. ಅಲ್ಲಿ ಯಾರು ಏನನ್ನು ಬೇಕಾದರೂ ಇಟ್ಟುಕೊಳ್ಳಬಹುದು. ಆದರೆ ಅದರ ಅರ್ಥ ಅವರ ಮನೆಯ ಹೊಸ್ತಿಲು ದಾಟಿದರೆ ಬೇರೆಯವರಿಗೆ ತಿಳಿಯುವುದಿಲ್ಲ. ಮನೆಯಲ್ಲಿ ನಿಮ್ಮನ್ನು ಪುಟ್ಟ, ಚಿನ್ನು ಎಂದು ಕರೆಯುತ್ತಾರಲ್ಲ? ಆ ಹೆಸರು ಹಿಡಿದು ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಕಿದರೆ ನೀವು ಸಿಗುತ್ತೀರಾ? ಇದೂ ಹಾಗೆಯೇ.

ನನ್ನ ಗಣಕಯಂತ್ರದಲ್ಲಿ ಆ ಫಾಂಟ್ ಇತ್ತು. ಅಂಗಡಿಯದರಲ್ಲಿ ಇರಲಿಲ್ಲ. ಒಂದು ಸಂಖ್ಯೆಗೆ ತಕ್ಕ ಆಕಾರ ಎಲ್ಲಿಯೂ ಸಿಗದಿದ್ದಾಗ ಗಣಕಯಂತ್ರ ಸಾಮಾನ್ಯವಾಗಿ ಒಂದು ಖಾಲಿ ಡಬ್ಬಿಯನ್ನು ತೋರಿಸಿ ಕೈತೊಳೆದುಕೊಳ್ಳುತ್ತದೆ. ಈ ಡಬ್ಬಿಗೆ ತಂತ್ರಜ್ಞರು ಇಟ್ಟ ಅಡ್ಡಹೆಸರು ‘ಟೋಫು’. ಟೋಫು ಎಂದರೆ ಸೋಯಾ ಹಾಲಿನಿಂದ ಮಾಡುವ, ಪನೀರಿನಂತೆ ಬಿಳಿ ತುಂಡುಗಳಾಗಿ ಕತ್ತರಿಸುವ ಆಹಾರ. ತೆರೆಯ ತುಂಬ ಬಿಳಿ ಡಬ್ಬಿಗಳು ಕಂಡರೆ ಟೋಫು ತುಂಡುಗಳನ್ನು ಜೋಡಿಸಿಟ್ಟಂತೆ ಅಲ್ಲವೇ? ಗೂಗಲ್ ಸಂಸ್ಥೆಯವರು ಎಲ್ಲ ಭಾಷೆಗಳಿಗೂ ಫಾಂಟ್ ಕೊಡುವ ಯೋಜನೆಗೆ ‘ನೋಟೋ’ ಎಂದು ಹೆಸರಿಟ್ಟರು. ‘ನೋ ಟೋಫು’, ಅಂದರೆ ‘ಇನ್ನು ಟೋಫು ಬೇಡ’ ಎಂಬುದೇ ಅದರ ಅರ್ಥ. ಕನ್ನಡಕ್ಕೂ ನೋಟೋ ಫಾಂಟ್ ಇದೆ, ಉಚಿತವಾಗಿ ಸಿಗುತ್ತದೆ.

ಈಗ ಯೋಚಿಸಿ. ‘7 + □ = 15’ರಲ್ಲಿರುವ ಚೌಕ ನಿಮ್ಮನ್ನು ಕರೆಯುತ್ತಿದೆ: ‘ಬಾ, ಉತ್ತರ ಹುಡುಕಿ ನನ್ನನ್ನು ತುಂಬು.’ ಟೋಫುವಿನ ಚೌಕ ಹೇಳುವುದೇ ಬೇರೆ: ‘ಇಲ್ಲಿ ಏನೋ ಇತ್ತು, ಕಳೆದುಹೋಗಿದೆ.’ ನೋಡಲು ಎರಡೂ ಒಂದೇ. ಕಾಗದದ ಮೇಲೆ ಅಚ್ಚಾದ ಮೇಲಂತೂ ಬೇರ್ಪಡಿಸುವುದು ಅಸಾಧ್ಯ. ಹೀಗಾಗಿಯೇ ಆ ಹುಡುಗಿಗೂ ಆ ಹುಡುಗನಿಗೂ ಮೋಸವಾದದ್ದು.

ನಮ್ಮ ಕನ್ನಡ ಈ ಕಷ್ಟವನ್ನು ದೊಡ್ಡ ಪ್ರಮಾಣದಲ್ಲಿ ಅನುಭವಿಸಿದೆ. ಯೂನಿಕೋಡ್ ಬಳಕೆ ಹರಡುವ ಮೊದಲು ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮೇಲೆಯೇ ಕನ್ನಡದ ಆಕಾರ ಹೊದಿಸಿ ಕೆಲಸ ಮಾಡುತ್ತಿದ್ದವು. ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ಹಾಗೆ ಬರೆದಿಟ್ಟ ಹಳೆಯ ಕಡತಗಳು ಇಂದಿಗೂ ಎಷ್ಟೋ ಕಡೆ ಇವೆ. ಯೂನಿಕೋಡ್‌ನಲ್ಲಿ ಬರೆದ ಕನ್ನಡಕ್ಕೆ ಆ ಭಯವಿಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. ಕನ್ನಡ ಬೆರಳಚ್ಚು ಮಾಡುವಾಗ ವ್ಯಂಜನ ಒತ್ತದೆ ಬರೀ ಗುಡಿಸನ್ನು ಒತ್ತಿ ನೋಡಿ. ಅನೇಕ ಕಡೆ ಒಂದು ಚುಕ್ಕಿಗಳ ವೃತ್ತ ಕಾಣಿಸಿಕೊಳ್ಳುತ್ತದೆ: ◌ಿ. ಆ ಚುಕ್ಕಿ ವೃತ್ತ ಆಕೃತಿಗಳ ಓಣಿಯ 9676ನೇ ಮನೆಯದು. ‘ಇಲ್ಲಿ ಒಂದು ವ್ಯಂಜನ ಇರಬೇಕಿತ್ತು, ಮರೆತಿದ್ದೀಯೆ’ ಎಂದು ಅದು ನೆನಪಿಸುತ್ತದೆ. ಒಂದು ಸಣ್ಣ ಆಕೃತಿ ವ್ಯಾಕರಣದ ಮೇಷ್ಟರ ಕೆಲಸ ಮಾಡುತ್ತಿದೆ!

ಹಾಗೆಯೇ ಮೂರು ದುಂಡು ಗುರುತುಗಳು ನಮ್ಮನ್ನು ಮೋಸಗೊಳಿಸುತ್ತವೆ. ಅನುಸ್ವಾರದ ಸೊನ್ನೆ (3202), ಕನ್ನಡ ಅಂಕಿಯ ಸೊನ್ನೆ ೦ (3302), ಖಾಲಿ ವೃತ್ತ ○ (9675). ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಗಣಕಯಂತ್ರಕ್ಕೆ ಮೂರೂ ಬೇರೆ. ‘ಬಂಗಾರ’ ಎಂಬ ಪದದಲ್ಲಿ ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತಿದರೆ ಓದುವವರಿಗೆ ವ್ಯತ್ಯಾಸ ತಿಳಿಯದಿರಬಹುದು. ಆದರೆ ಯಾರಾದರೂ ಆ ಪದವನ್ನು ಹುಡುಕಿದಾಗ ನಿಮ್ಮ ಬರಹ ಸಿಗದೇ ಹೋಗಬಹುದು.

ನಮ್ಮ ಸೀಮೆಯ ಹಳೆಯ ಚಿಹ್ನೆಗಳು

ಚಿಹ್ನೆಗಳ ವಿದ್ಯೆ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ನೀವು ಸೊರಬ, ಶಿಕಾರಿಪುರ ಕಡೆಯವರಾದರೆ ಅದರ ನಡುವೆಯೇ ಬೆಳೆದಿದ್ದೀರಿ.

ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಪ್ರವಾಸ ಹೋದವರು ಪ್ರಣವೇಶ್ವರ ದೇವಾಲಯದ ಎದುರಿನ ಕಲ್ಲಿನ ಕಂಬವನ್ನು ನೋಡಿರುತ್ತೀರಿ. ಕದಂಬ ರಾಜ ಶಾಂತಿವರ್ಮನ ಕಾಲದ, ಐದನೇ ಶತಮಾನದ ಸಂಸ್ಕೃತ ಶಾಸನ ಅದರ ಮೇಲಿದೆ. ರಚಿಸಿದವನು ಕುಬ್ಜ ಎಂಬ ಕವಿ. ಆ ಅಕ್ಷರಗಳ ತಲೆಯ ಮೇಲೆ ಪುಟ್ಟ ಪುಟ್ಟ ಚೌಕಗಳಿವೆ. ಲಿಪಿತಜ್ಞರು ಇದನ್ನು ಪೆಟ್ಟಿಗೆ ತಲೆಯ ಲಿಪಿ ಎಂದು ಗುರುತಿಸುತ್ತಾರೆ. ಸುಮಾರು 1500 ವರ್ಷಗಳ ಹಿಂದೆ ನಮ್ಮ ನೆರೆಯ ಊರಿನಲ್ಲಿ ಅಕ್ಷರವೂ ಚೌಕವೂ ಒಟ್ಟಿಗೆ ಕುಳಿತಿದ್ದವು! ನನಗೆ ಇಷ್ಟವಾಗುವುದು ಆ ಶಿಲ್ಪಿಯ ಸಂಯಮ. ಚೌಕ ಅಕ್ಷರದ ತಲೆಯ ಮೇಲಿದೆ, ಆದರೆ ಅಕ್ಷರವನ್ನು ನುಂಗಿಲ್ಲ.

ಊರ ಹೊರಗಿನ ವೀರಗಲ್ಲುಗಳನ್ನು, ದಾನ ಶಾಸನಗಳನ್ನು ಗಮನಿಸಿ. ತುದಿಯಲ್ಲಿ ಅನೇಕ ವೇಳೆ ಒಂದು ದುಂಡು, ಒಂದು ಅರ್ಧಚಂದ್ರ ಕೆತ್ತಿರುತ್ತಾರೆ. ಸೂರ್ಯ ಮತ್ತು ಚಂದ್ರ. ‘ಸೂರ್ಯಚಂದ್ರರು ಇರುವವರೆಗೂ ಈ ಮಾತು ನಿಲ್ಲಲಿ’ ಎಂಬುದು ಅದರ ಅರ್ಥ. ಅಂದು ಓದು ಬಲ್ಲವರು ಕಡಿಮೆ. ಕೆಳಗಿನ ಸಾಲುಗಳನ್ನು ಓದಲು ಬಾರದ ರೈತನೂ ಆ ದುಂಡು ಮತ್ತು ಅರ್ಧಚಂದ್ರವನ್ನು ನೋಡಿ ‘ಇದು ಮುರಿಯಬಾರದ ಮಾತು’ ಎಂದು ತಿಳಿಯುತ್ತಿದ್ದ.

ಇನ್ನು ಹಸೆ ಚಿತ್ತಾರ. ಸೊರಬ, ಸಾಗರ ಕಡೆಯ ದೀವರ ಮನೆಗಳಲ್ಲಿ ಅಜ್ಜಿಯರು, ಅಮ್ಮಂದಿರು ಮದುವೆಗೆ, ಹಬ್ಬಕ್ಕೆ ಗೋಡೆಯ ಮೇಲೆ ಬರೆಯುವ ಚಿತ್ತಾರ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕುಂಚ ಪುಂಡಿ ನಾರಿನದು. ಎಲ್ಲವೂ ನೇರ ಗೆರೆ, ತ್ರಿಕೋನ, ಚೌಕಗಳ ಲೆಕ್ಕಾಚಾರ. ಭೂಮಿ ಹುಣ್ಣಿಮೆಯಂದು ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ. ಇಲ್ಲಿ ಬರೆಯುವವರನ್ನು ಕೇಳಿ ನೋಡಿ, ‘ಇದು ಏನು, ಅದು ಏನು’ ಎಂದು. ಪ್ರತಿ ಆಕೃತಿಗೂ ಅವರ ಬಳಿ ಹೆಸರಿರುತ್ತದೆ. ಅಂದಕ್ಕಾಗಿ ಬರೆದದ್ದೂ ಅಲ್ಲಿ ಏನನ್ನೋ ಹೇಳುತ್ತಿರುತ್ತದೆ.

ಆಕಾರವೇ ಮಾತನಾಡಿದಾಗ

ಇಂದಿನ ಚಿಹ್ನೆಗಳಲ್ಲಿಯೂ ಒಳ್ಳೆಯವು ಹೀಗೆಯೇ ಮಾತನಾಡುತ್ತವೆ. ಹಾಡು ಕೇಳುವ ಯಂತ್ರದಲ್ಲಿ ▶ ಎಂದರೆ ನಡೆಸು, ■ ಎಂದರೆ ನಿಲ್ಲಿಸು, ● ಎಂದರೆ ಧ್ವನಿ ಮುದ್ರಿಸು. ಭಾಷೆ ಬೇಕಿಲ್ಲ.

ಅಂತರಜಾಲದಲ್ಲಿ ಅರ್ಜಿ ತುಂಬುವಾಗ ಒಂದು ನಿಯಮ ಗಮನಿಸಿ. ಆಯ್ಕೆಗಳ ಮುಂದೆ ದುಂಡು ○ ಇದ್ದರೆ ಒಂದನ್ನು ಮಾತ್ರ ಆರಿಸಬೇಕು. ಚೌಕ □ ಇದ್ದರೆ ಎಷ್ಟನ್ನು ಬೇಕಾದರೂ ಆರಿಸಬಹುದು. ಈ ದುಂಡು ಗುಂಡಿಗೆ ‘ರೇಡಿಯೋ ಬಟನ್’ ಎಂದೇ ಹೆಸರು. ಹಳೆಯ ಕಾಲದ ಕಾರಿನ ರೇಡಿಯೋಗಳಲ್ಲಿ ಒಂದು ಗುಂಡಿ ಒತ್ತಿದರೆ ಮೊದಲು ಒತ್ತಿದ್ದ ಗುಂಡಿ ತಾನಾಗಿ ಮೇಲೆ ಬರುತ್ತಿತ್ತು. ಒಮ್ಮೆಗೆ ಒಂದೇ ನಿಲ್ದಾಣ! ವಿನ್ಯಾಸ ಮಾಡಿದವರು ಈ ನಿಯಮ ಮರೆತು ದುಂಡಿನ ಜಾಗದಲ್ಲಿ ಚೌಕ ಹಾಕಿದರೆ ತುಂಬುವವರು ದಾರಿ ತಪ್ಪುತ್ತಾರೆ.

ಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಇದ್ದರೆ ತೆಗೆದು ನೋಡಿ. ಹಸಿರು ಚೌಕದೊಳಗೆ ತುಂಬಿದ ಹಸಿರು ವೃತ್ತ ಇದ್ದರೆ ಅದು ಸಸ್ಯಾಹಾರ. ಮಾಂಸಾಹಾರಕ್ಕೆ ಮೊದಲು ಇದೇ ಆಕಾರ ಕಂದು ಬಣ್ಣದಲ್ಲಿತ್ತು. ಎರಡೂ ವೃತ್ತ, ಬಣ್ಣ ಮಾತ್ರ ಬೇರೆ. ಹಸಿರು-ಕಂದು ವ್ಯತ್ಯಾಸ ತಿಳಿಯದ ಬಣ್ಣಗುರುಡು ಇರುವವರು ಏನು ಮಾಡಬೇಕು? ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರ ನಿಯಮಗಳಲ್ಲಿ ಮಾಂಸಾಹಾರದ ಗುರುತನ್ನು ಚೌಕದೊಳಗಿನ ಕಂದು ತ್ರಿಕೋನವಾಗಿ ಬದಲಿಸಿತು. ಈಗ ಬಣ್ಣ ಕಾಣದಿದ್ದರೂ ಆಕಾರ ಹೇಳುತ್ತದೆ. ಕಪ್ಪುಬಿಳುಪು ಜೆರಾಕ್ಸ್ ಮಾಡಿದರೂ ತಿಳಿಯುತ್ತದೆ. ಇಡೀ ದೇಶದ ಪೊಟ್ಟಣಗಳನ್ನು ಬದಲಿಸುವಷ್ಟು ದೊಡ್ಡ ಕೆಲಸಕ್ಕೆ ಕಾರಣ ಒಂದು ಪುಟ್ಟ ತ್ರಿಕೋನ.

ಕಿವಿಯಿಂದ ಓದುವ ಗೆಳೆಯರು

ನಿಮ್ಮ ತರಗತಿಯಲ್ಲಿ ಕಣ್ಣು ಕಾಣದ ಅಥವಾ ಮಂದವಾಗಿ ಕಾಣುವ ಗೆಳೆಯರು ಇರಬಹುದು. ಅವರಿಗಾಗಿ ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳಿವೆ. ಎನ್‌ವಿಡಿಎ ಎಂಬುದು ಅಂಥ ಒಂದು ಉಚಿತ ತಂತ್ರಾಂಶ. 2006ರಲ್ಲಿ ಇದನ್ನು ಆರಂಭಿಸಿದವರು ಆಸ್ಟ್ರೇಲಿಯಾದ ಮೈಕೆಲ್ ಕರ್ರನ್. ನಂತರ ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರೂ ದೃಷ್ಟಿಹೀನರು. ಇದು ಕನ್ನಡವನ್ನೂ ಓದಬಲ್ಲದು.

ಒಮ್ಮೆ ನಾನು ತಯಾರಿಸಿದ ವಿಜ್ಞಾನ ಪಾಠದ ಕಡತವನ್ನು ಮಂದದೃಷ್ಟಿಯ ಒಬ್ಬ ಹುಡುಗ ಈ ಬಗೆಯ ತಂತ್ರಾಂಶದ ಮೂಲಕ ಕೇಳುತ್ತಿದ್ದ. ಶೀರ್ಷಿಕೆಯ ಎಡಕ್ಕೂ ಬಲಕ್ಕೂ ನಾನು ಹನ್ನೆರಡು ಹನ್ನೆರಡು ನಕ್ಷತ್ರ ಹಾಕಿದ್ದೆ, ಅಂದ ಕಾಣಲಿ ಎಂದು. ಯಂತ್ರ ಶುರು ಮಾಡಿತು: “ಬ್ಲ್ಯಾಕ್ ಸ್ಟಾರ್, ಬ್ಲ್ಯಾಕ್ ಸ್ಟಾರ್, ಬ್ಲ್ಯಾಕ್ ಸ್ಟಾರ್...” ಹುಡುಗ ತಾಳ್ಮೆಯಿಂದ ಕಾದ. ‘ದ್ಯುತಿಸಂಶ್ಲೇಷಣೆ’ ಎಂಬ ಒಂದು ಪದ ಬಂತು. ಮತ್ತೆ ಹನ್ನೆರಡು ಬ್ಲ್ಯಾಕ್ ಸ್ಟಾರ್! “ಸಾರ್, ಇಷ್ಟೊಂದು ನಕ್ಷತ್ರ ಯಾಕೆ? ಇದು ಗಿಡದ ಪಾಠ ಅಲ್ವಾ?” ಎಂದ. ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ನಾಚಿಕೆಯಾಯಿತು.

ಯೂನಿಕೋಡ್ ಪಟ್ಟಿಯಲ್ಲಿ ಪ್ರತಿ ಚಿಹ್ನೆಗೂ ಒಂದು ಅಧಿಕೃತ ಇಂಗ್ಲಿಷ್ ಹೆಸರಿದೆ. ■ ಎಂಬುದರ ಹೆಸರು ‘ಕಪ್ಪು ಚೌಕ’ ಎಂಬ ಅರ್ಥದ್ದು, □ ಎಂಬುದರದು ‘ಬಿಳಿ ಚೌಕ’ ಎಂಬ ಅರ್ಥದ್ದು. ನೀವು ■ಕ್ಕೆ ಹಸಿರು ಬಣ್ಣ ಬಳಿದರೂ ಹೆಸರು ಕಪ್ಪು ಚೌಕವೇ! ಇಲ್ಲಿ ‘ಕಪ್ಪು’ ಎಂದರೆ ತುಂಬಿದ್ದು, ‘ಬಿಳಿ’ ಎಂದರೆ ಖಾಲಿ ಎಂದಷ್ಟೇ ಅರ್ಥ. ಓದುವ ತಂತ್ರಾಂಶಗಳಲ್ಲಿ ಕೆಲವು ಚಿಹ್ನೆಯ ಹೆಸರು ಹೇಳುತ್ತವೆ, ಕೆಲವು ಹಾರಿಸಿಬಿಡುತ್ತವೆ. ಹಾಗಾದರೆ ‘ಹಸಿರು ■ ಇರುವ ಪ್ರಶ್ನೆಗಳು ಕಡ್ಡಾಯ’ ಎಂದು ಬರೆದರೆ ಆ ಹುಡುಗನಿಗೆ ಯಾವುದು ಕಡ್ಡಾಯ ಎಂದು ಹೇಗೆ ತಿಳಿಯಬೇಕು? ‘ಕಡ್ಡಾಯ’ ಎಂಬ ಪದವನ್ನು ಪಕ್ಕದಲ್ಲಿ ಬರೆದುಬಿಟ್ಟರೆ ಸಮಸ್ಯೆಯೇ ಇಲ್ಲ.

ಹಾಗಾದರೆ ಅಲಂಕಾರವೇ ಬೇಡವೇ?

ನನ್ನ ಶಿಕ್ಷಕ ಮಿತ್ರರೊಬ್ಬರು ಇದನ್ನು ಒಪ್ಪುವುದಿಲ್ಲ. “ಮಕ್ಕಳಿಗೆ ಬಣ್ಣ ಬೇಕು, ನಕ್ಷತ್ರ ಬೇಕು, ಹೂವು ಬೇಕು. ಬೋಳು ಹಾಳೆ ಕೊಟ್ಟರೆ ಯಾರು ಓದುತ್ತಾರೆ?” ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ನಿಮ್ಮ ಶಾಲೆಯ ಗೋಡೆಪತ್ರಿಕೆಗೆ ಅಂಚು ಬರೆಯಬೇಡಿ ಎಂದು ನಾನು ಎಂದೂ ಹೇಳುವುದಿಲ್ಲ. ಹಸೆ ಚಿತ್ತಾರ ಇಲ್ಲದ ಮದುವೆ ಮನೆ ಚೆಂದವೇ?

ನನ್ನ ವಾದ ಇಷ್ಟೇ. ಅಲಂಕಾರ ಅಂಚಿನಲ್ಲಿರಲಿ, ಅರ್ಥದ ದಾರಿಗೆ ಅಡ್ಡ ನಿಲ್ಲದಿರಲಿ. ಒಂದು ಚಿಹ್ನೆಗೆ ನೀವು ಅರ್ಥ ಕೊಟ್ಟಿದ್ದರೆ ಅದು ಬರಹದ ಉದ್ದಕ್ಕೂ ಅದೇ ಅರ್ಥದಲ್ಲಿರಲಿ. ಮೊದಲ ಪುಟದಲ್ಲಿ ◆ ಎಂದರೆ ‘ಪ್ರಯೋಗ ಮಾಡಿ’, ಎರಡನೆಯ ಪುಟದಲ್ಲಿ ಅದೇ ◆ ಎಂದರೆ ‘ನೆನಪಿಡಿ’ ಎಂದಾದರೆ ಓದುವವರು ಚಿಹ್ನೆಯನ್ನು ನಂಬುವುದನ್ನೇ ಬಿಡುತ್ತಾರೆ. ಒಮ್ಮೆ ನಂಬಿಕೆ ಹೋದರೆ ಎಷ್ಟು ನಕ್ಷತ್ರ ಹಾಕಿದರೂ ಮರಳಿ ಬರುವುದಿಲ್ಲ.

‘ನಾವು ಮಕ್ಕಳು, ನಮಗೇಕೆ ಇದೆಲ್ಲ?’ ಎನ್ನಬೇಡಿ. ಇಂದು ಯೋಜನಾ ವರದಿಯನ್ನು ಮೊಬೈಲಿನಲ್ಲಿ ಬರೆಯುವವರು ನೀವು. ನಾಳೆ ಪಂಚಾಯಿತಿಯ ಪ್ರಕಟಣೆ, ಔಷಧದ ಚೀಟಿ, ಬೆಳೆ ವಿಮೆಯ ಅರ್ಜಿ, ಊರಿನ ಜಾಲತಾಣ ತಯಾರಿಸುವವರೂ ನೀವೇ. ಔಷಧದ ಚೀಟಿಯಲ್ಲಿ ‘ಬೆಳಿಗ್ಗೆ ●, ರಾತ್ರಿ ○’ ಎಂದು ಬರೆದದ್ದು ಎರಡೂ ಖಾಲಿ ಡಬ್ಬಿಯಾಗಿ ಅಚ್ಚಾದರೆ ಏನಾದೀತು? ನನ್ನ ಪ್ರಶ್ನೆಪತ್ರಿಕೆಯಲ್ಲಿ ಹೋದದ್ದು ಒಂದು ಅಂಕ. ಅಲ್ಲಿ ಹೋಗುವುದು ಬೇರೆ ಏನೋ ಆಗಿರಬಹುದು.

ನೀವೇ ಮಾಡಿ ನೋಡಿ

1. ಶಾಲೆಯ ಗಣಕಯಂತ್ರದಲ್ಲಿ ಜಾಲಪುಟ ಬರೆಯುವುದನ್ನು ಕಲಿಯುತ್ತಿದ್ದರೆ &#9632; ಎಂದು ಬರೆದು ಬ್ರೌಸರಿನಲ್ಲಿ ತೆರೆಯಿರಿ. ■ ಕಾಣಬೇಕು. ನಂತರ &#3228;&#3233;&#3270; ಎಂದು ಬರೆಯಿರಿ. ಯಾವ ಊರು ಬಂತು? ಇನ್ನು &#61550; ಬರೆದು ನೋಡಿ. ಖಾಲಿ ಡಬ್ಬಿ ಕಂಡರೆ ನನ್ನ ತಪ್ಪು ನಿಮಗೆ ಅರ್ಥವಾಯಿತು ಎಂದುಕೊಳ್ಳಿ.

2. ನೀವು ತಯಾರಿಸಿದ ಒಂದು ಬಣ್ಣದ ಹಾಳೆಯನ್ನು ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿ. ಬಣ್ಣದಿಂದ ಹೇಳಿದ್ದ ಯಾವ ವಿಷಯ ಮಾಯವಾಯಿತು ಎಂದು ಪಟ್ಟಿ ಮಾಡಿ.

3. ಗೆಳತಿಯೊಬ್ಬಳು ಕಣ್ಣು ಮುಚ್ಚಿಕೊಳ್ಳಲಿ. ನೀವು ಹಾಳೆಯಲ್ಲಿರುವುದನ್ನೆಲ್ಲ, ಚಿಹ್ನೆಗಳ ಹೆಸರೂ ಸೇರಿದಂತೆ, ಓದಿ ಹೇಳಿ. ಕೊನೆಗೆ ಅವಳಿಗೆ ಏನು ಅರ್ಥವಾಯಿತು ಎಂದು ಕೇಳಿ.

4. ಕಡತವನ್ನು ಬೇರೆಯವರಿಗೆ ಕಳಿಸುವ ಮೊದಲು ಇನ್ನೊಂದು ಗಣಕಯಂತ್ರದಲ್ಲಿ ಅಥವಾ ಮೊಬೈಲಿನಲ್ಲಿ ತೆರೆದು ನೋಡಿ. ಅಚ್ಚಾದ ಮೊದಲ ಹಾಳೆಯನ್ನು ತಪ್ಪದೆ ಓದಿ. ಬಸ್ಸು ತಪ್ಪಿದರೂ ಚಿಂತೆಯಿಲ್ಲ.

5. ನಿಮ್ಮ ಊರಿನ ವೀರಗಲ್ಲು, ಚಿತ್ತಾರದ ಗೋಡೆ, ಬುಟ್ಟಿಗಳಲ್ಲಿ ಯಾವ ಯಾವ ಆಕೃತಿಗಳಿವೆ? ಹಿರಿಯರನ್ನು ಕೇಳಿ ಅರ್ಥ ಸಹಿತ ಬರೆದಿಡಿ.

ಆ ಹುಡುಗಿಯ ಉತ್ತರಪತ್ರಿಕೆಯ ಮೇಲಿನ ಕೆಂಪು ಗೀಟನ್ನು ಅಂದೇ ಹೊಡೆದು ಹಾಕಿ ಸರಿ ಎಂದು ಗುರುತಿಸಿದೆ. ತರಗತಿಯ ಎದುರು ತಪ್ಪು ನನ್ನದೆಂದು ಹೇಳಿದೆ. ಕಳೆದುಹೋದ ಅವಕಾಶವನ್ನು ಮಾತ್ರ ನನ್ನಿಂದ ಮರಳಿಸಲು ಆಗಲಿಲ್ಲ. ಅವಳು ಪ್ರಶ್ನೆಪತ್ರಿಕೆಯನ್ನು ಮಡಿಸಿಡದೆ ಎಸೆದಿದ್ದರೆ, ಅಥವಾ ಮೇಷ್ಟರ ಕೆಂಪು ಶಾಯಿಯೇ ಸರಿ ಎಂದು ಸುಮ್ಮನಿದ್ದಿದ್ದರೆ ನನಗೆ ಇದು ಎಂದೂ ತಿಳಿಯುತ್ತಿರಲಿಲ್ಲ.

ಆದ್ದರಿಂದ ಮಕ್ಕಳೇ, ಮುಂದಿನ ಬಾರಿ ಪ್ರಶ್ನೆಪತ್ರಿಕೆಯಲ್ಲಿ, ಪುಸ್ತಕದಲ್ಲಿ ಅಥವಾ ತೆರೆಯ ಮೇಲೆ ಒಂದು ಖಾಲಿ ಚೌಕ ಕಂಡರೆ ಒಂದು ಕ್ಷಣ ನಿಲ್ಲಿ. ಅದು ನಿಮ್ಮ ಉತ್ತರಕ್ಕಾಗಿ ಕಾದಿದೆಯೋ ಅಥವಾ ಅಲ್ಲಿದ್ದ ಮಾತು ಕಳೆದುಹೋಗಿದೆಯೋ? ಅನುಮಾನ ಬಂದರೆ ಕೈ ಎತ್ತಿ ಕೇಳಿ. ಕೇಳಿದ್ದಕ್ಕೆ ಯಾರೂ ನಗಬಾರದು. ನಕ್ಕರೆ ಈ ಮೇಷ್ಟರ ಕಥೆಯನ್ನು ಅವರಿಗೆ ಹೇಳಿ.